ಕೂತವರನ್ನು ಎಬ್ಬಿಸದ ಅವ್ವ

ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ದಾರಿಯಲ್ಲಿರುವ ನಮ್ಮೂರ ಕೆರೆಗೆ ನಾನು ಹಕ್ಕಿ ನೋಡುವವರನ್ನು ಕಾರಿನಲ್ಲಿ ಕರೆತರುತ್ತಿದ್ದೆ. ಏರಿಯ ಮೇಲೆ ಒಬ್ಬ ಅವ್ವ ಎಮ್ಮೆ ಮೇಯಿಸುತ್ತ ಇರುತ್ತಿದ್ದಳು. ಕೋಲನ್ನು ಹೆಗಲ ಮೇಲೆ ಅಡ್ಡ ಇಟ್ಟು, ಎರಡೂ ಕೈ ಅದಕ್ಕೆ ನೇತುಹಾಕಿಕೊಂಡೇ ಮಾತಾಡುವಳು. ದಾರಿಗಡ್ಡ ಕೂತ ನಾಯಿಯನ್ನೂ ಬಳಸಿಕೊಂಡು ಹೋಗುವಳು. "ಕೂತಿರೋರ್ನ ಯಾಕ್ಲಾ ಎಬ್ಬಿಸ್ಬೇಕು?" ಎನ್ನುವುದು ಅವಳ ಮಾತು.

ಆ ಚಳಿಗಾಲ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ದಡದಲ್ಲಿ ಕೂತಿದ್ದವು. ನಾನು ಕರೆತಂದಿದ್ದ ಸಾಹೇಬರಿಗೆ ಅವು ಹಾರುವ ಫೋಟೊನೇ ಬೇಕಿತ್ತು.

"ಕೋಲು ಬೀಸಿ ಒಂದ್ಸಲ ಎಬ್ಬಿಸಮ್ಮ," ಎಂದರು.

"ಆಗಕಿಲ್ಲ ಸಾ."

ಅವರು ನನ್ನತ್ತ ನೋಡಿದರು. ನಾನು ಹೋಗಿ ಕಾರಿನ ಹಾರ್ನ್ ಒತ್ತಿದೆ. ದಡದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು.

ಫೋಟೊ ಮುಗಿಸಿದ ಸಾಹೇಬರು ಏರಿಯ ಮೇಲೆ ಕೂತು ಇಡ್ಲಿ ಪೊಟ್ಟಣ ಬಿಚ್ಚಿದರು. ಅವ್ವ ಎಮ್ಮೆಗಳನ್ನು ಸೀದಾ ಅವರ ಮೇಲೇ ಹೊಡೆದುಕೊಂಡು ಬಂದಳು. ಅವರು ಪೊಟ್ಟಣ ಹಿಡಿದು ಎದ್ದು ಅತ್ತ ಕೂತರೆ ಎಮ್ಮೆಗಳೂ ಅತ್ತಲೇ ಬಂದವು. ಕಾರಿನೊಳಗೆ ಕೂರಲು ಹೊರಟರೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಪೊಲೀಸ್‌ನ ಕರೀತೀನಿ ನೋಡು!"

"ಕರೀರಿ ಸಾ. ಅವ್ರೂ ನಿಂತ್ಕಂಡಿರ್ಲಿ."

ಹೆಬ್ಬಾತುಗಳು ಒಂದೊಂದಾಗಿ ಮರಳಿ ದಡಕ್ಕಿಳಿದವು. ಕೊನೆಯದೂ ಕೂತ ಮೇಲೆ ಅವಳು ಬಾಗಿಲು ಬಿಟ್ಟು ಸರಿದಳು.

"ಈಗ ಕೂತ್ಕಂಡು ತಿನ್ನಿ ಸಾ," ಎಂದವಳು ನನ್ನ ಕಡೆ ತಿರುಗಿದಳು. "ನೀನು ಈ ಊರೋನು. ನೀನ್ ನಿಂತಿರು."