ಪಾಲಿನ ಕೋಳಿ

ನಾನು ಚಿಕ್ಕವನಿದ್ದಾಗ ನನಗೂ ಒಂದು ಕೋಳಿ ಇತ್ತು, ಮಕ್ಕಳೇ. ನನ್ನದು ಎಂದು ನಾನು ಹೇಳಿಕೊಳ್ಳುತ್ತಿದ್ದೆ, ಅಷ್ಟೆ. ನಿಜಕ್ಕೂ ಅದು ಬೇಲಿಯಾಚೆಯ ಅಜ್ಜಿಯದು. ಆ ಕೋಳಿಯ ವಿಷಯ ಹೇಳಬೇಕೆಂದು ನಿಮ್ಮ ಮುಂದೆ ಎಷ್ಟೋ ಸಲ ಕೂತು, ಬೇರೇನೋ ಹೇಳಿ ಎದ್ದಿದ್ದೇನೆ. ಮುಚ್ಚಿಟ್ಟುಕೊಂಡು ಸಾಕಾಗಿದೆ. ಇವತ್ತು ಹೇಳಿಬಿಡುತ್ತೇನೆ.

ಆಗ ನಮ್ಮ ಪಾಳ್ಯದ ಕಡೆ ಕೋಳಿಯನ್ನು ಪಾಲಿಗೆ ಕೊಡುವ ಪದ್ಧತಿ ಇತ್ತು. ಕೋಳಿ ಹೆಚ್ಚಿದ್ದವರು ಒಂದು ಹ್ಯಾಟೆಯನ್ನು, ಅಂದರೆ ಇನ್ನೂ ಮೊಟ್ಟೆಗೆ ಬಾರದ ಹೆಣ್ಣು ಕೋಳಿಯನ್ನು, ಇನ್ನೊಂದು ಮನೆಗೆ ಕೊಡುತ್ತಿದ್ದರು. ಆ ಮನೆಯವರು ಅದನ್ನು ಸಾಕಿ, ಕಾವಿಗೆ ಕೂರಿಸಿ, ಮರಿ ಮಾಡಿಸಬೇಕು. ಮರಿಗಳು ತಾಯಿಯನ್ನು ಬಿಟ್ಟ ಮೇಲೆ ಅರ್ಧ ಅವರಿಗೆ, ಅರ್ಧ ಇವರಿಗೆ. ತಾಯಿ ಕೋಳಿ ಕೊಟ್ಟವರ ಮನೆಗೆ ವಾಪಸ್ಸು. ಎಲ್ಲವೂ ಬಾಯಿಮಾತಿನ ಮೇಲೆಯೇ ನಡೆಯುತ್ತಿತ್ತು.

ಅಜ್ಜಿಗೆ ಕಣ್ಣು ಮಂಜಾಗಿತ್ತು. ಕೂಲಿಗೆ ಹೋಗಲು ಆಗುತ್ತಿರಲಿಲ್ಲ. ಅವರ ಉಪ್ಪು, ಎಣ್ಣೆ, ಎಲೆಯಡಿಕೆ ಎಲ್ಲವೂ ಮೊಟ್ಟೆಯಿಂದಲೇ ಬರಬೇಕಿತ್ತು. ಆದರೂ ನಾನು ಕೇಳಿದೆನೆಂದು ಒಂದು ಕಪ್ಪು ಹ್ಯಾಟೆಯನ್ನು ನಮಗೆ ಪಾಲಿಗೆ ಕೊಟ್ಟಿದ್ದರು. ಬೆಳಿಗ್ಗೆ ಗೂಡಿನ ಹಲಗೆ ಸರಿಸಿದರೆ ಬೂದಿ, ಹಿಕ್ಕೆ, ಬೆಚ್ಚಗಿನ ಗರಿ ಸೇರಿದ ವಾಸನೆ ಮೂಗಿಗೆ ಬಡಿಯುತ್ತಿತ್ತು. ಎಲ್ಲಕ್ಕಿಂತ ಮುಂಚೆ ಹೊರಗೆ ಬರುತ್ತಿದ್ದುದು ಅದೇ. ಅಂಗೈಯಲ್ಲಿ ರಾಗಿ ಹಿಡಿದರೆ ಕಚಗುಳಿ ಇಟ್ಟಂತೆ ಹೆಕ್ಕಿ ತಿನ್ನುತ್ತಿತ್ತು. ಅದು ಮರಿ ಮಾಡಿದಾಗ ನಾನು ಹುತ್ತ ಒಡೆದು ಗೆದ್ದಲು ತಂದು ಸುರಿಯುತ್ತಿದ್ದೆ. ಹೇನು ಹತ್ತಿದರೆ ಅಕ್ಕ ಒಲೆಯ ಬೂದಿ ತಂದು ರೆಕ್ಕೆಯ ಅಡಿಗೆ ತಿಕ್ಕುತ್ತಿದ್ದಳು.

ಕಾಫಿ ಹೂವು ಉದುರಿದ ಮೇಲೆ, ಒಂದು ಬೇಸಿಗೆಯಲ್ಲಿ, ಸಕಲೇಶಪುರದ ಕಡೆಯಿಂದ ಕೋಳಿಗಳಿಗೆ ಕೊಕ್ಕರೆ ರೋಗ ಬಂದಿದೆ ಎಂಬ ಸುದ್ದಿ ಬಂತು. ಅಪ್ಪ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು: “ಮಂಕಾಗಿ ಕೂತಿರೋ ಕೋಳಿ ಕಂಡ್ರೆ ಆಗಿಂದಾಗ್ಲೇ ನಂಗೆ ಹೇಳ್ಬೇಕು. ಕತ್ತು ಮುರ್ದು, ಸುಣ್ಣ ಹಾಕಿ ಹೂಳ್ಬೇಕು ಅದನ್ನ. ಪಾಪ ಅಂತ ಒಂದನ್ನ ಇಟ್ಕೊಂಡ್ರೆ ಎಲ್ಲಾವೂ ಹೋಗ್ಬುಡ್ತವೆ.”

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಹಲಗೆ ಸರಿಸಿದಾಗ ನನ್ನ ಕಪ್ಪು ಕೋಳಿ ಎಲ್ಲಕ್ಕಿಂತ ಕೊನೆಗೆ ಹೊರಗೆ ಬಂತು. ರೆಕ್ಕೆ ಜೋತುಬಿದ್ದಿತ್ತು. ರಾಗಿ ಹಿಡಿದರೆ ನೋಡಲೂ ಇಲ್ಲ. ಬಾಯಿ ತೆರೆದು ಉಸಿರೆಳೆಯುತ್ತ ಗೋಡೆಯ ಪಕ್ಕ ನಿಂತಿತು. ಎತ್ತಿಕೊಂಡರೆ ಮೈ ಕಾದ ಮಡಕೆಯ ಹಾಗಿತ್ತು. ನನಗೆ ಅರ್ಥವಾಯಿತು. ಅಪ್ಪ ಗದ್ದೆಗೆ ಹೋಗಿದ್ದರು. ಬಂದರೆ ಇದರ ಕತೆ ಮುಗಿಯಿತು ಎಂದುಕೊಂಡೆ.

ಅಜ್ಜಿ ಯಾವ ಕೋಳಿಯನ್ನೂ ಹಾಗೆ ಕೊಲ್ಲುತ್ತಿರಲಿಲ್ಲ. ಮೆಣಸು, ಬೆಳ್ಳುಳ್ಳಿ, ಅರಿಶಿನ ಅರೆದು ಉಂಡೆ ಮಾಡಿ ಕೊಕ್ಕಿಗೆ ತುರುಕುತ್ತಿದ್ದರು. ಹೇಗೂ ಮರಿಗಳು ತಾಯಿಯನ್ನು ಬಿಟ್ಟು ಮೇಯುತ್ತಿದ್ದವು, ಕೋಳಿ ವಾಪಸ್ಸು ಹೋಗುವುದಿತ್ತು. ಅದನ್ನು ಅಂಗಿಗೆ ಒತ್ತಿಕೊಂಡು ಬೇಲಿ ದಾಟಿದೆ.

“ಯಾರ್ಲಾ ಅದು?” ಎಂದರು ಅಜ್ಜಿ.

“ನಾನೇ ಅಜ್ಜಿ. ಅಪ್ಪ ಕಳ್ಸವ್ರೆ. ಪಾಲು ಮುಗೀತಂತೆ, ನಿಮ್ ಕೋಳಿ ತಂದಿವ್ನಿ. ನಿಮ್ ಪಾಲಿನ ಮರಿ ಆಮೇಲೆ ತತ್ತೀನಿ.”

ಅವರು ಕೋಳಿಯನ್ನು ಮಡಿಲಿಗೆ ತೆಗೆದುಕೊಂಡು ತಡವಿದರು. “ಮೈ ಯಾಕ್ಲಾ ಮಗ ಇಷ್ಟು ಬಿಸಿ ಐತೆ?”

“ಬಿಸ್ಲಲ್ಲಿ ಎತ್ಕೊಂಡ್ ಬಂದೆ.”

“ಬೇಲಿಯಿಂದೀಚೆ ಬರಕ್ಕೆ ಅದೆಂಥಾ ಬಿಸ್ಲು ಮಾರಾಯ. ಮಂಗಳೂರಿಂದ ನಡ್ಕಂಡು ಬಂದೋನ್ ಥರ ಆಡ್ತೀಯಲ್ಲ” ಎಂದು ನಕ್ಕರು.

ಆಗಲಾದರೂ ಹೇಳಬಹುದಿತ್ತು. ಔಷಧಿ ಮಾಡಲಿ ಎಂದು ಹೊತ್ತುಕೊಂಡು ಹೋದವನು ಕಾಯಿಲೆಯನ್ನೇ ಮುಚ್ಚಿಟ್ಟೆ. ಹೇಳಿದರೆ ಅಪ್ಪನಿಗೆ ತಿಳಿಯುತ್ತದೆ ಎಂದು ಹೆದರಿದೆ. ಅಜ್ಜಿ ಅದನ್ನು ತಮ್ಮ ಕೋಳಿಗಳ ಜೊತೆ ಬಿಟ್ಟರು. ಪಾಲಿನ ಕೋಳಿ ತಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಗೂಡಿಗೆ ಕೈಹಾಕಿ ಒಂದು ಮೊಟ್ಟೆ ತೆಗೆದುಕೊಟ್ಟರು. ಅದಿನ್ನೂ ಬೆಚ್ಚಗಿತ್ತು.

ಮನೆಯಲ್ಲಿ ಅಕ್ಕ ನನ್ನ ಅಂಗಿಯ ಮೇಲಿದ್ದ ಹಸಿರು ಹಿಕ್ಕೆಯನ್ನು ನೋಡಿದಳು. ಕೋಳಿ ಎಲ್ಲಿ ಎಂದು ಕೇಳಿದಳು. ಹೇಳಿದೆ. ಅವಳು ಅಂಗಿ ಬಿಚ್ಚಿಸಿ, ತೊಳೆಯುವ ಕಲ್ಲಿನ ಮೇಲೆ ಹಾಕಿ ಉಜ್ಜಿದಳು.

“ಅಪ್ಪಂಗೆ ಹೇಳ್ದಿದ್ರೂ ಪರ್ವಾಗಿಲ್ಲ ಕಣೋ, ಅಜ್ಜಿಗೆ ಹೇಳು. ಈಗ್ಲೇ ಹೋಗು” ಎಂದಳು.

ನಾನು ಬೇಲಿಯವರೆಗೆ ಹೋದೆ. ಅಜ್ಜಿ ಅಂಗಳದಲ್ಲಿ ಕೂತು ಆ ಕೋಳಿಯೊಡನೆ ಮಾತಾಡುತ್ತಿದ್ದರು. ಎಷ್ಟು ದಿನ ಆಯ್ತೇ ನಿನ್ನ ನೋಡಿ ಎನ್ನುತ್ತಿದ್ದರು. ನಾನು ತಿರುಗಿ ಬಂದು ಅಕ್ಕನಿಗೆ “ಹೇಳಿ ಬಂದೆ” ಎಂದೆ. ಅದು ಆ ದಿನದ ಮೂರನೆಯ ಸುಳ್ಳು.

ಹುಣ್ಣಿಮೆ ಬರುವಷ್ಟರಲ್ಲಿ ಅಜ್ಜಿಯ ಗೂಡು ಖಾಲಿಯಾಯಿತು. ಕತ್ತು ತಿರುಚಿಕೊಂಡು, ಸುತ್ತಿ ಸುತ್ತಿ ಬಿದ್ದು ಸತ್ತವಂತೆ. ನಮ್ಮ ಮನೆಯಲ್ಲೂ ಆ ಕೋಳಿಯ ಮರಿಗಳಲ್ಲಿ ಒಂದು ಹುಂಜ ಬಿಟ್ಟರೆ ಏನೂ ಉಳಿಯಲಿಲ್ಲ. ಪಾಲು ಮುಗಿಯಿತೆಂದು ಕೋಳಿಯನ್ನು ವಾಪಸ್ಸು ಕೊಟ್ಟೆ ಎಂದು ನಾನು ಹೇಳಿದ್ದನ್ನು ಅಪ್ಪ ನಂಬಿದ್ದರು. ಊರಲ್ಲಿ ಬೇರೆ ಮನೆಗಳಿಗೂ ರೋಗ ಬಂದಿದ್ದರಿಂದ ಯಾರೂ ಯಾರನ್ನೂ ಕೇಳಲಿಲ್ಲ.

ಒಂದು ಸಂಜೆ ಅಜ್ಜಿ ಬೇಲಿ ತಡವಿಕೊಂಡು ನಮ್ಮ ಮನೆಗೆ ಬಂದರು. ಬೈಯಲು ಬಂದರೆಂದು ನಾನು ಬಾಗಿಲ ಹಿಂದೆ ನಿಂತೆ.

“ನಿನ್ ಮಗ ಒಳ್ಳೇ ಕೋಳಿನೇ ತಂದ್ಕೊಟ್ಟಿದ್ದ ಕಣಪ್ಪ. ನಾನೇ ಉಳಿಸ್ಕೊಳ್ಳಿಲ್ಲ” ಎಂದರು. “ಗುಡಿ ಅಮ್ಮಂಗೆ ಹರಕೆ ಅಂತ ಬಿಟ್ಟಿದ್ದ ಹುಂಜನ ಹೋದ್ವರ್ಷ ಮಾರ್ಕೊಂಬುಟ್ಟೆ. ಆ ತಪ್ಪಿಗೇ ಹಿಂಗಾಗಿದ್ದು.”

“ಇಲ್ಲ ಬುಡು ದೊಡ್ಡವ್ವ, ಊರಿಗೇ ಬಂದಿರೋ ರೋಗ” ಎಂದರು ಅಪ್ಪ. “ಉಳಿದಿರೋ ಹುಂಜನ ನೀನೇ ಇಟ್ಕೋ.”

“ನನ್ ಮನೇಲಿ ಇನ್ನು ಕೋಳಿ ಏಳ್ಗೆ ಆಗಲ್ಲ. ಅದನ್ನ ನನ್ ಹೆಸ್ರಲ್ಲಿ ಅಮ್ಮಂಗೆ ಒಪ್ಪಿಸ್ಬುಡಿ.”

ಹುಂಜವನ್ನು ಗುಡಿಯವರೆಗೆ ಎತ್ತಿಕೊಂಡು ಹೋದದ್ದು ನಾನು. ಅಜ್ಜಿ ತಮ್ಮದೆಂದುಕೊಂಡ ತಪ್ಪಿಗೆ, ನನ್ನ ತಪ್ಪನ್ನು ಬಲ್ಲ ನಾನೇ ಕಾಣಿಕೆ ಹೊತ್ತೆ. ದಾರಿಯುದ್ದಕ್ಕೂ ಅದು ನನ್ನ ಕಂಕುಳಲ್ಲಿ ತೆಪ್ಪಗೆ ಕೂತಿತ್ತು. ಮನೆಯಲ್ಲಿ ಅಂದು ಮಾಡಿದ ಸಾರು ನನಗೆ ಸೇರಲಿಲ್ಲ. ಅಜ್ಜಿ ಮತ್ತೆ ಕೋಳಿ ಸಾಕಲೇ ಇಲ್ಲ. ಎಲೆಯಡಿಕೆ ಬಿಟ್ಟರು. ಎಣ್ಣೆಗೆ ನಮ್ಮ ಮನೆಗೆ ಬರುವಾಗಲೆಲ್ಲ ಬಾಗಿಲಲ್ಲೇ ನಿಲ್ಲುತ್ತಿದ್ದರು. ದೇವಿ ತಮ್ಮ ಮೇಲೆ ಮುನಿದಿದ್ದಾಳೆ ಎಂದುಕೊಂಡೇ ತೀರಿಹೋದರು. ಅಕ್ಕ ಬದುಕಿರುವವರೆಗೂ ನಾನು ಹೇಳಿದ್ದೇನೆ ಎಂದೇ ನಂಬಿದ್ದಳು.

ಈಗ ನಿಮ್ಮ ಕಾಲ ಬೇರೆ. ಫೋನ್ ಮಾಡಿದರೆ ಪಶು ಆಸ್ಪತ್ರೆಯವರು ಮಾತಾಡುತ್ತಾರೆ. ಮರಿ ಇರುವಾಗಲೇ ಕಣ್ಣಿಗೆ ಲಸಿಕೆಯ ಹನಿ ಹಾಕಿಸುತ್ತೀರಿ. ಆ ಹನಿ ನಮ್ಮ ಕಾಲದಲ್ಲಿ ಇದ್ದಿದ್ದರೆ ಎಂದು ನಾನು ಬಹಳ ದಿನ ಸಮಾಧಾನ ಮಾಡಿಕೊಂಡಿದ್ದೆ. ಮೊನ್ನೆ ಆ ಸಮಾಧಾನವೂ ಹೋಯಿತು.

ಮೊನ್ನೆ ನಮ್ಮ ಕೆಂಚಿ ಕೋಳಿ ಮಂಕಾಗಿತ್ತಲ್ಲ, ಪುಟ್ಟಿ, ನೀನು ಅದನ್ನು ಸ್ಟೋರ್ ರೂಮಿನ ರಟ್ಟಿನ ಡಬ್ಬದಲ್ಲಿ ಬಚ್ಚಿಟ್ಟಿದ್ದೆ. ಮರುದಿನ ಬೆಳಿಗ್ಗೆ ಅಳುತ್ತ ಬಂದು, “ತಾತ, ನಿನ್ನೆನೇ ನೋಡಿದ್ದೆ, ಬೈತೀಯ ಅಂತ ಹೇಳ್ಲಿಲ್ಲ” ಎಂದೆ. ನಾನು ಬೈಯಲಿಲ್ಲ. ಬೈಯುವ ಬಾಯಿ ನನಗಿರಲಿಲ್ಲ. ಆಮೇಲೆ ನೀನಾಗಿಯೇ ಪಕ್ಕದ ಮನೆಗೆ ಹೊರಟೆ. “ಆಂಟಿ, ನಮ್ ಕೋಳಿಗೆ ಹುಷಾರಿಲ್ಲ, ನಿಮ್ಮವನ್ನ ಈ ಕಡೆ ಬಿಡ್ಬೇಡಿ” ಎಂದು ನೀನು ಹೇಳಿದ್ದು ಜಗಲಿಯವರೆಗೆ ಕೇಳಿಸಿತು.

ನಮ್ಮ ಮನೆಗೂ ಅವರ ಮನೆಗೂ ನಡುವೆ ಈಗಲೂ ಒಂದು ಬೇಲಿಯಷ್ಟೇ ಇದೆ. ಅದನ್ನು ದಾಟಿ ಹೋಗಿ ಹೇಳಿ, ನೀನು ಚಪ್ಪಲಿ ಬಿಟ್ಟು ಒಳಗೆ ಬಂದು ತಿಂಡಿಗೆ ಕೂತೆ. ನಾನು ಮಾತ್ರ ಇನ್ನೂ ಆ ಬೇಲಿಯ ಹತ್ತಿರ, ಕೈಯಲ್ಲಿ ಬೆಚ್ಚಗಿನ ಮೊಟ್ಟೆ ಹಿಡಿದುಕೊಂಡು ನಿಂತಿದ್ದೇನೆ.