ತಂಗಿಯ ಸೀಟಿಗೆ ಹಾಕಿದ ಹೊಲಿಗೆ

ನನ್ನ ತಂಗಿಯ ಎಡಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಮಗಳ ತಲೆ ಬಾಚುವಾಗ ಅವಳನ್ನು ನೆಲಕ್ಕೆ ಕೂರಿಸಿ, ತಾನು ಮಂಚದ ಮೇಲೆ ಕೂತು ಬಾಚುತ್ತಾಳೆ. ಆ ಕೈ ಹಾಗಾದದ್ದು ಕಾರಿನ ಅಪಘಾತದಿಂದ ಎಂದು ಎಲ್ಲರಿಗೂ ಗೊತ್ತು. ಅದರಲ್ಲಿ ನನ್ನ ಪಾಲು ಏನೆಂಬುದು ಎರಡು ವರ್ಷ ನನಗೊಬ್ಬನಿಗೇ ಗೊತ್ತಿತ್ತು.

ಕೊಟ್ಟೂರಿನಲ್ಲಿ ನನ್ನದು ಕುಶನ್ ಅಂಗಡಿ. ಕಾರು, ಟ್ರ್ಯಾಕ್ಟರ್, ಬೈಕುಗಳ ಸೀಟಿಗೆ ರೆಕ್ಸಿನ್ ಹೊಲಿಯುತ್ತೇನೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅಕ್ಷರಕ್ಕಿಂತ ಸೂಜಿ ಬೇಗ ಒಲಿಯಿತು. ಗಾಡಿ ಗುಜರಿಗೆ ಹೋದರೂ ಇವನು ಹೊಲಿದ ಸೀಟು ಹರಿಯುವುದಿಲ್ಲ ಎಂದು ಕೂಡ್ಲಿಗಿಯಿಂದ ಹಡಗಲಿವರೆಗೆ ಹೇಳುತ್ತಿದ್ದರು. ಆ ಮಾತು ನನಗೆ ಊಟಕ್ಕಿಂತ ರುಚಿಯಾಗಿತ್ತು.

ಒಂದು ಸಲ ಬಾಗಳಿ ಊರಿನವರೊಬ್ಬರು ಕಾರು ತಂದರು. ದಾವಣಗೆರೆಯಲ್ಲಿ ಕೊಂಡ ಸೀಟ್ ಕವರು, ಮುಂದಿನ ಸೀಟಿನ ಬಾಗಿಲ ಕಡೆಯ ಅಂಚಿನಲ್ಲಿ ಹೊಲಿಗೆ ಬಿಚ್ಚಿತ್ತು. ಗಟ್ಟಿ ದಾರ ಹಾಕಲು ನಾನು ಮಷಿನ್ನಿಗೆ ಕೂತಾಗ ಹರಪನಹಳ್ಳಿಯ ನನ್ನ ಗೆಳೆಯ ಅಲ್ಲೇ ಚಹಾ ಕುಡಿಯುತ್ತಿದ್ದ. ಅವನು ಕಾರು ಮೆಕ್ಯಾನಿಕ್ಕು. ನಾನು ಭಾಯಿ ಎಂದೇ ಕರೆಯುವುದು. ಅವನು ಕೈ ಅಡ್ಡ ಹಿಡಿದ. ಆ ಅಂಚಿನ ಒಳಗೆ ಬಟ್ಟೆಯ ಚೀಲವೊಂದನ್ನು ಮಡಚಿ ಇಟ್ಟಿರುತ್ತಾರೆ, ಅದೇ ಏರ್‌ಬ್ಯಾಗ್ ಎಂದ. ಬಾಗಿಲಿಗೆ ಬೇರೆ ಗಾಡಿ ಗುದ್ದಿದರೆ ಕಾರಿನೊಳಗಿನ ಒಂದು ಯಂತ್ರಕ್ಕೆ ಅದು ತಿಳಿಯುತ್ತದೆ, ಪಟಾಕಿಯಂಥ ಮದ್ದು ಸಿಡಿದು ಗ್ಯಾಸು ನುಗ್ಗುತ್ತದೆ, ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ಚೀಲ ಉಬ್ಬಿ ಹೊರಗೆ ಬಂದು ಮನುಷ್ಯನಿಗೂ ಬಾಗಿಲಿಗೂ ನಡುವೆ ದಿಂಬಿನ ಹಾಗೆ ನಿಲ್ಲುತ್ತದೆ.

"ಅದು ಹೊರಗ ಬರಬೇಕಂದ್ರ ಮ್ಯಾಲಿನ ಬಟ್ಟಿ ಹರೀಬೇಕು. ಅದಕ್ಕ ಅಲ್ಲಿ ಸಣ್ಣ ದಾರ ಹಾಕಿರ್ತಾರ. ನೀ ಗಟ್ಟಿ ಮಾಡಬ್ಯಾಡ" ಎಂದ.

"ಹರೀಲಿ ಅಂತ ಹೊಲೀಬೇಕಾ ಭಾಯಿ? ನಮ್ಮ ಗುರು ಕೇಳಿದ್ರ ಕತ್ತರಿ ತಗಂಡು ಬರ್ತಿದ್ದ."

"ನಿಮ್ಮ ಗುರು ಕಾಲಕ್ಕ ಸೀಟಿನಾಗ ತೆಂಗಿನ ನಾರು ಇತ್ತಲೇ. ಈಗ ಮದ್ದು ಐತಿ."

ಇಬ್ಬರೂ ನಕ್ಕೆವು. ಆ ಕಾರಿಗೆ ಸಣ್ಣ ದಾರವನ್ನೇ ಹಾಕಿದೆ. ಆಮೇಲೆ ನೆನಪಾದಾಗ ಹಾಗೆ ಮಾಡಿದೆ, ಕೆಲಸ ಹೆಚ್ಚಿದ್ದಾಗ ಮರೆತೆ. ಮರೆತೆ ಎನ್ನುವುದೂ ಪೂರ್ತಿ ನಿಜವಲ್ಲ. ಬಿಚ್ಚಿಕೊಳ್ಳುವ ಹೊಲಿಗೆ ನನ್ನ ಹೆಸರಿನಲ್ಲಿ ಊರೂರು ತಿರುಗುವುದು ನನಗೆ ಬೇಡವಾಗಿತ್ತು.

ತಂಗಿಯನ್ನು ಹಗರಿಬೊಮ್ಮನಹಳ್ಳಿಗೆ ಕೊಟ್ಟಿದ್ದೇವೆ. ನಾಗರಪಂಚಮಿಗೆ ತವರಿಗೆ ಕರೆದು ಸೀರೆ ಉಡಿಸಿ ಕಳಿಸುವುದು ನಮ್ಮಲ್ಲಿ ತಪ್ಪದ ಪದ್ಧತಿ. ಆ ವರ್ಷ ಅವಳ ಗಂಡ ಒಬ್ಬರು ಬಳಸಿದ ಒಳ್ಳೆಯ ಕಾರು ಕೊಂಡಿದ್ದ. ಸೀರೆ ಬೇಡ, ಸೀಟಿಗೆ ಬಟ್ಟೆ ಹಾಕಿಕೊಡು ಅಣ್ಣ, ಅಲ್ಲಿ ಎಲ್ಲರೂ ನೋಡಲಿ ಎಂದಳು. ಅವಳಿಗೆ ಬೇಕಾದ ಮೆರೂನ್ ಬಣ್ಣವನ್ನೇ ತರಿಸಿದೆ.

ಸೀಟಿನ ಅಂಚಿನಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದ ಸಣ್ಣ ಬಟ್ಟೆಯ ಪಟ್ಟಿ ಇತ್ತು. ಓದಲು ಬಾರದಿದ್ದರೂ, ಇಲ್ಲಿ ಏರ್‌ಬ್ಯಾಗ್ ಇದೆ ಎಂದು ಅದು ಹೇಳುತ್ತದೆಂದು ನನಗೆ ಗೊತ್ತಿತ್ತು. ಭಾಯಿಯ ಮಾತು ನೆನಪಾಯಿತು. ಮಷಿನ್ ನಿಲ್ಲಿಸಿದೆ ಕೂಡ. ಆದರೆ ಇದು ತವರಿನ ಉಡುಗೊರೆ. ನಾಲ್ಕು ತಿಂಗಳಿಗೆ ಅಂಚು ಬಿಚ್ಚಿಕೊಂಡರೆ ಅವಳ ಅತ್ತೆ ಏನೆಂದಾಳು? ಬೇರೆಯವರ ಗಾಡಿಗೆ ಗಟ್ಟಿ, ಒಡಹುಟ್ಟಿದವಳಿಗೆ ಜಾಳು ಎಂದಾಳು. ಪಟ್ಟಿಯನ್ನು ಒಳಗೆ ಮಡಚಿದೆ. ನೈಲಾನ್ ದಾರವನ್ನು ಜೋಡಿ ಮಾಡಿ ಎರಡು ಸಾಲು ಹೊಡೆದೆ. ಅಷ್ಟು ಗಟ್ಟಿಯಾಗಿ ಯಾರಿಗೂ ಹೊಲಿದಿರಲಿಲ್ಲ.

ತಂಗಿ ಅಂಚಿನ ಮೇಲೆ ಕೈಯಾಡಿಸಿ, ಯಾವ ಸೀರೆಯೂ ಇದರಷ್ಟು ದಿನ ಬಾಳುವುದಿಲ್ಲ ಎಂದು ಗಂಡನನ್ನು ನೋಡಿ ನಕ್ಕಳು.

ಅದೇ ವರ್ಷ ಮೆಕ್ಕೆಜೋಳದ ಸುಗ್ಗಿಯಲ್ಲಿ ಅವರು ಹೊಳಲಿನಿಂದ ಮದುವೆ ಮುಗಿಸಿ ಬರುತ್ತಿದ್ದರು. ಹೊಲದ ದಾರಿಯಿಂದ ತೆನೆ ತುಂಬಿದ ಟ್ರ್ಯಾಕ್ಟರ್ ನೇರ ರಸ್ತೆಗೆ ಬಂದು ಎಡಬಾಗಿಲಿಗೆ ಗುದ್ದಿತು. ಗಂಡನಿಗೆ ಏನೂ ಆಗಲಿಲ್ಲ. ಹಿಂದೆ ಬೆಲ್ಟ್ ಹಾಕಿ ಕೂರಿಸಿದ್ದ ಮಗಳಿಗೆ ತರಚು ಗಾಯ. ಮುಂದೆ ಎಡಕ್ಕಿದ್ದ ನನ್ನ ತಂಗಿಯ ಪಕ್ಕೆಲುಬು, ಭುಜ, ತೋಳು ಮುರಿದವು.

ಆಸ್ಪತ್ರೆಯಲ್ಲಿ ಅವಳಿಗೆ ಆ ದಿನದ್ದು ಏನೂ ನೆನಪಿರಲಿಲ್ಲ. ಏರ್‌ಬ್ಯಾಗ್ ಇದ್ದ ಕಾರಿನಲ್ಲಿ ಅದು ಯಾಕೆ ತೆರೆಯಲಿಲ್ಲ ಎಂದು ಬಂದವರೆಲ್ಲ ಕೇಳಿದರು. ಬೆಲ್ಟ್ ಹಾಕಿರುವುದಿಲ್ಲ, ಮಾತಿನ ಭರದಲ್ಲಿ ಮರೆತಿರುತ್ತಾಳೆ, ಅದಕ್ಕೇ ತೆರೆದಿಲ್ಲ ಎಂದು ಅವಳ ಅತ್ತೆ ತೀರ್ಮಾನ ಕೊಟ್ಟಳು. ಗಂಡನೂ, ತಾನು ಗಮನಿಸಿರಲಿಲ್ಲ, ಇರಬಹುದು ಎಂದ. ಕೊನೆಗೆ ತಂಗಿಯೂ ಅದನ್ನೇ ನಂಬಿದಳು.

ನಾನು ಅವಳ ಹಾಸಿಗೆಯ ಪಕ್ಕದಲ್ಲೇ ನಿಂತಿದ್ದೆ. ಅವಳ ಕೊರಳ ಬುಡದಿಂದ ಎದೆಯ ಕಡೆಗೆ, ಬೆಲ್ಟಿನ ಅಗಲಕ್ಕೆ ಸರಿಯಾಗಿ, ನೀಲಿಗಟ್ಟಿದ ಬರೆ ಇಳಿದಿತ್ತು. ಅವಳು ಬೆಲ್ಟ್ ಹಾಕಿದ್ದಳು. ಅದನ್ನು ಹೇಳಿದ್ದರೆ, ಹಾಗಾದರೆ ಬ್ಯಾಗು ಯಾಕೆ ಬರಲಿಲ್ಲ ಎಂದು ಯಾರಾದರೂ ಕೇಳುತ್ತಿದ್ದರು. ನಾನು ಹೇಳಲಿಲ್ಲ.

ಮರುದಿನ ಕಾರಿನಲ್ಲಿದ್ದ ಸಾಮಾನು ತರಲು ಗ್ಯಾರೇಜಿಗೆ ಹೋದೆ. ಎಡ ಸೀಟಿನ ಬೆನ್ನು ಬಸುರಿಯ ಹೊಟ್ಟೆಯಂತೆ ಉಬ್ಬಿ ಸೊಟ್ಟಗಾಗಿತ್ತು. ಬ್ಯಾಗು ತೆರೆದಿತ್ತು. ಹೊರಗೆ ಬರಲು ದಾರಿ ಸಿಗದೆ ಒಳಗಿನ ಸ್ಪಂಜನ್ನೇ ಸೀಳಿ ಹಿಂದಕ್ಕೆ ನುಗ್ಗಿ ಅಲ್ಲೇ ಮುದುಡಿತ್ತು. ಸುಟ್ಟ ಮದ್ದಿನ ವಾಸನೆ. ನನ್ನ ಹೊಲಿಗೆಯಲ್ಲಿ ಒಂದು ಎಳೆಯೂ ಕಿತ್ತಿರಲಿಲ್ಲ. ರಕ್ತದ ಕಲೆ ಮನೆಯವರು ನೋಡಬಾರದು ಎಂದು ಗ್ಯಾರೇಜಿನವರಿಗೆ ಹೇಳಿ ಕವರನ್ನು ಕತ್ತರಿಸಿ ತಂದೆ, ಹಿತ್ತಲಲ್ಲಿ ಸುಟ್ಟೆ. ರೆಕ್ಸಿನ್ನಿನ ಕರಿ ಹೊಗೆ ಗೋಡೆಗೆ ಹತ್ತಿಕೊಂಡಿತು. ಸುಣ್ಣ ಬಳಿದರೂ ನನಗೆ ಅಲ್ಲಿ ಅದೇ ಕಾಣುತ್ತದೆ.

ಆಮೇಲೆ ಸೀಟಿನ ಅಂಚಿಗೆ ಕೈಯಿಟ್ಟಾಗಲೆಲ್ಲ ಒಳಗಿನಿಂದ ಯಾರೋ ದೂಡಿದಂತಾಗುತ್ತಿತ್ತು. ನಡುಮಧ್ಯಾಹ್ನ, ಗಿರಾಕಿಗಳು ಎದುರಿಗೇ ಕೂತಿರುವಾಗ. ಬಿಡು, ಬಿಡು ಎಂದು ಅಂಗೈಯಿಂದ ತಟ್ಟಿದ ಹಾಗೆ. ಕೈ ತೆಗೆದರೆ ರೆಕ್ಸಿನ್ ತಣ್ಣಗಿರುತ್ತಿತ್ತು. ಬೆವರುತ್ತೀಯಲ್ಲ, ಆರಾಮಿಲ್ಲೇನು ಎಂದು ಗಿರಾಕಿಗಳು ಕೇಳುತ್ತಿದ್ದರು.

ಈ ಸಲದ ಪಂಚಮಿಗೆ ತಂಗಿ ಮಗಳೊಡನೆ ಬಸ್ಸಿನಲ್ಲಿ ಬಂದಳು. ಅವಳೀಗ ಕಾರಿನಲ್ಲಿ ಕೂರುವುದಿಲ್ಲ. ಪಕ್ಕದ ಮನೆಯವರು ಗುಡಿಗೆ ಹೊರಟಾಗ ಮಗಳು ಅವರ ಕಾರು ಹತ್ತಿದಳು. ತಂಗಿ ಒಂದೇ ಕೈಯಲ್ಲಿ ಹೆಣಗಿ ಅವಳಿಗೆ ಬೆಲ್ಟ್ ಹಾಕಿದಳು.

"ಬಿಚ್ಚಬ್ಯಾಡವ್ವ. ನಿಮ್ಮವ್ವ ಹಾಕ್ಕೊಳ್ಳಲಾರದಕ್ಕ ಹಿಂಗಾದ್ಲು" ಎಂದಳು.

ಕಾರು ಹೋಯಿತು. ಅವಳು ಅಡುಗೆಮನೆಗೆ ಬಂದು ಶೇಂಗಾ ಉಂಡಿ ಕಟ್ಟಲು ಕೂತಳು. ನಾನು ಎದುರು ಕೂತು ಎಲ್ಲ ಹೇಳಿದೆ. ಭಾಯಿಯ ಮಾತು, ಮಡಚಿದ ಪಟ್ಟಿ, ಜೋಡಿ ದಾರ, ಸುಟ್ಟ ಕವರು. ಅವಳು ಬಲಗೈಯಲ್ಲಿ ಉಂಡಿ ಉರುಳಿಸುತ್ತಲೇ ಇದ್ದಳು.

"ಅಂದ್ರ ನಾನು ಬೆಲ್ಟ್ ಹಾಕ್ಕೊಂಡಿದ್ನಾ ಅಣ್ಣ?"

"ಹಾಕ್ಕೊಂಡಿದ್ದಿ. ಕೊಳ್ಳಾಗ ಗುರುತು ಇತ್ತು. ನಾನು ನೋಡಿದ್ದೆ."

"ನೋಡಿನೂ ಸುಮ್ಮನಿದ್ದಿ. ಎರಡು ವರ್ಷ ನಮ್ಮತ್ತಿ ಮುಂದ ತಲಿ ತಗ್ಗಿಸೀನಿ ನಾನು."

ಉಂಡಿಯನ್ನು ತಟ್ಟೆಗಿಟ್ಟಳು. ಬೈಯಲಿ ಎಂದು ನಾನು ಕಾಯುತ್ತಿದ್ದೆ. ಅವಳು ಕೇಳಿದ್ದು ಬೇರೆ.

"ಇನ್ನ ಎಷ್ಟು ಮಂದಿ ಸೀಟಿಗೆ ಹಿಂಗ ಹೊಲಿದೀ?"

ನನಗೆ ಲೆಕ್ಕ ಗೊತ್ತಿರಲಿಲ್ಲ. ಸಂಜೆಯ ಬಸ್ಸಿಗೇ ಅವಳು ಮಗಳನ್ನು ಕರೆದುಕೊಂಡು ಹೋದಳು. ಅತ್ತೆಗೆ, ಗಂಡನಿಗೆ ತಾನೇ ಹೇಳುತ್ತೇನೆ, ನೀನು ಬರಬೇಡ, ಮೊದಲು ಆ ಗಾಡಿಗಳನ್ನು ನೋಡು ಎಂದಳು. ಆಮೇಲೆ ಫೋನ್ ಮಾಡಿಲ್ಲ. ನಾನು ಮಾಡಿದರೆ ಮಗಳು ಎತ್ತುತ್ತಾಳೆ.

ಈಗ ಕತ್ತರಿ, ಸಣ್ಣ ದಾರ ಹಿಡಿದು ಊರೂರು ತಿರುಗುತ್ತೇನೆ. ಆ ಅಂಚು ಬಿಚ್ಚಿ, ಪಟ್ಟಿ ಕಾಣುವಂತೆ ಹೊರಗೆ ತೆಗೆಯುತ್ತೇನೆ. ತೆಲಿಗಿಯಲ್ಲಿ ಒಬ್ಬರು ಗಟ್ಟಿ ಇರುವುದನ್ನು ಯಾಕೆ ಕೀಳುತ್ತೀಯ ಎಂದು ತಡೆದರು. ತಂಗಿಯ ಕೈಯ ಸಂಗತಿ ಹೇಳಬೇಕಾಯಿತು. ಅವರ ಹೆಂಡತಿ ಮುಂದಿನ ಸೀಟಿನಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬ್ಯಾಗು ಮೆತ್ತಗಿನ ದಿಂಬಲ್ಲ ತಾಯಿ, ಗುದ್ದಿದ ಹಾಗೆ ಬರುತ್ತದೆ, ಕೂಸು ಅದರ ಎದುರಿಗೆ ಇರಬಾರದು, ಹಿಂದಿನ ಸೀಟಿನಲ್ಲಿ ಮಕ್ಕಳ ಕುರ್ಚಿಗೆ ಕಟ್ಟಿ ಕೂರಿಸಿರಿ ಎಂದೆ. ಮುಂದೆ ಕೂರುವವರು ಹಿಂದಕ್ಕೆ ಸರಿದು ಬೆಲ್ಟ್ ಹಾಕಿ ನೆಟ್ಟಗೆ ಕೂರಬೇಕು, ಡ್ಯಾಶ್‌ಬೋರ್ಡಿನ ಮೇಲೆ ಕಾಲು ಚಾಚಬಾರದು, ಅಲ್ಲಿ ಬ್ಯಾಗಿನ ಮುಚ್ಚಳದ ಮೇಲೆ ದೇವರ ಮೂರ್ತಿಯನ್ನೂ ಅಂಟಿಸಬಾರದು, ಬ್ಯಾಗಿನ ಕೆಂಪು ದೀಪ ಆರದೆ ಉರಿಯುತ್ತಿದ್ದರೆ ಗ್ಯಾರೇಜಿಗೆ ತೋರಿಸಬೇಕು. ಇದೆಲ್ಲ ಭಾಯಿ ಹೇಳಿದ್ದೇ. ಆಗ ನಕ್ಕಿದ್ದೆ, ಈಗ ಸಿಕ್ಕವರಿಗೆಲ್ಲ ಹೇಳುತ್ತೇನೆ.

ಬಹಳ ಗಾಡಿ ಸಿಕ್ಕಿವೆ. ಒಂದು ಮಾತ್ರ ಸಿಕ್ಕಿಲ್ಲ. ಬಿಳಿ ಕಾರು, ಈ ದಾರಿಯಲ್ಲಿ ಹೋಗುತ್ತಿದ್ದ ಗಂಡ ಹೆಂಡತಿಯದು, ಯಾವ ಊರೆಂದು ನಾನು ಕೇಳಲಿಲ್ಲ. ಗಂಡ ಚಹಾಕ್ಕೆ ಹೋದಾಗ ಹೆಂಡತಿ ನನ್ನೆದುರು ಕೂತು ಬಣ್ಣ ಆರಿಸಿದಳು. ಎಡಗಡೆಯದು ನನ್ನ ಸೀಟು, ಚೆನ್ನಾಗಿ ಗಟ್ಟಿ ಮಾಡಿರಿ ಎಂದಿದ್ದಳು. ಮಾಡಿದೆ.

ಬಸ್ ನಿಲ್ದಾಣದ ಎದುರು ಬಿಳಿ ಕಾರು ನಿಂತರೆ ಕೆಲಸ ಬಿಟ್ಟು ಓಡುತ್ತೇನೆ, ಎಡಬಾಗಿಲ ಹತ್ತಿರ ಬಗ್ಗಿ ಸೀಟಿನ ಅಂಚು ನೋಡುತ್ತೇನೆ. ಒಳಗಿನ ಹೆಂಗಸು ಯಾರೋ ಏನೋ ಎಂದು ಸೆರಗು ಎಳೆದುಕೊಂಡು ಗಾಜು ಏರಿಸುತ್ತಾಳೆ.