ಗೋಧಿಹೊಲದ ಶಾಲೆಯಿಂದ ಬಂದವರು

ಅವರ ಎಡಗಿವಿಗೆ ಮೇಲಿನ ಅಂಚು ಇರಲಿಲ್ಲ. ಯಾರೋ ಕತ್ತರಿಯಿಂದ ನೀಟಾಗಿ ಕತ್ತರಿಸಿದಂತೆ ಕಿವಿ ಅಲ್ಲಿಗೇ ನಿಂತಿತ್ತು. ಶಾಲೆಗೆ ಹೊಸದಾಗಿ ಸೇರಿದ ಮಕ್ಕಳು ಮೊದಲ ವಾರವೆಲ್ಲ ಅದನ್ನೇ ನೋಡುತ್ತಿದ್ದರು. ಎರಡನೆಯ ವಾರ ಯಾರಾದರೊಬ್ಬರು ಧೈರ್ಯ ಮಾಡಿ ಕೇಳಿಬಿಡುತ್ತಿದ್ದರು. ಅವರು ಬಗ್ಗಿ, ಕಿವಿಯನ್ನು ಮುಟ್ಟಿ ನೋಡಲು ಬಿಟ್ಟು, "ಶಾಲೆಗೆ ಹೋಗುವ ದಾರಿಯಲ್ಲಿ ಚಳಿ ತಿಂದುಬಿಟ್ಟಿತು" ಎನ್ನುತ್ತಿದ್ದರು. ಹೊರಗೆ ಡಾಂಬರು ಕರಗುವ ಬಿಸಿಲು. ಚಳಿ ಮನುಷ್ಯನ ಕಿವಿ ತಿನ್ನುತ್ತದೆ ಎಂದರೆ ಆ ಮಕ್ಕಳು ನಂಬುತ್ತಿರಲಿಲ್ಲ.

ಅಬುಧಾಬಿಯ ಖಲೀಫಾ ಸಿಟಿಯಲ್ಲಿದ್ದ ನಮ್ಮ ಶಾಲೆಯ ಪ್ರೈಮರಿ ವಿಭಾಗಕ್ಕೆ ಅವರು ಹೆಡ್‌ಮಾಸ್ತರರು. ಕೆನಡಾದ ಬಯಲುಸೀಮೆಯಿಂದ ಬಂದವರು. ಹೆಂಡತಿ ತೀರಿಹೋದ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ, ಗಲ್ಫಿಗೆ ಬಂದಿದ್ದರು. ನಾನು ಅಲ್ಲಿ ಒಂದನೇ ಕ್ಲಾಸಿನ ಸಹಾಯಕಿಯಾಗಿ ಸೇರಿದ್ದು ಎರಡು ಸಾವಿರದ ಹನ್ನೆರಡರ ಸುಮಾರಿಗೆ. ಮಕ್ಕಳ ಮೂಗು ಒರೆಸುವುದು, ಬಣ್ಣದ ಕಾಗದ ಕತ್ತರಿಸುವುದು, ಬಸ್ಸಿಗೆ ಹತ್ತಿಸುವುದು ನನ್ನ ಕೆಲಸ. ಎಲ್ಲರೂ ನನ್ನನ್ನು ಹೆಸರು ಹಿಡಿದು ಕರೆದರೆ ಅವರು ಮಾತ್ರ ಮೊದಲ ದಿನದಿಂದಲೇ 'ಟೀಚರ್' ಎಂದರು. ನಾನು ಟೀಚರ್ ಅಲ್ಲ ಸರ್ ಎಂದು ತಿದ್ದಲು ಹೋದೆ. "ನಮ್ಮೂರಲ್ಲಿ ಮಕ್ಕಳ ಮುಂದೆ ನಿಂತವರೆಲ್ಲ ಟೀಚರೇ" ಎಂದು ಮುಂದೆ ನಡೆದರು.

ಬೆಳಗ್ಗೆ ಮೊದಲ ಬಸ್ಸು ಬರುವ ಮುಂಚೆ ಗೇಟಿನ ಹತ್ತಿರ ನಿಂತಿರುತ್ತಿದ್ದರು. ಮೋಡವೇ ಇಲ್ಲದ ಆ ಆಕಾಶವನ್ನು ದಿನಾಲೂ ಒಮ್ಮೆ ತಲೆಯೆತ್ತಿ ನೋಡುವುದು ಅವರ ಅಭ್ಯಾಸ. ರೈತರ ಮನೆಯ ಮಗ, ನೋಡದೆ ಇರಲಾಗುವುದಿಲ್ಲ ಎನ್ನುತ್ತಿದ್ದರು. ಅವರ ಕೋಣೆಯ ಎಸಿ ಸದಾ ಬಂದ್. ಮೀಟಿಂಗಿಗೆ ಹೋದವರು ಬೆವರು ಒರೆಸಿಕೊಳ್ಳುತ್ತ ಕೂರಬೇಕು. ಯಾರಾದರೂ ಗೊಣಗಿದರೆ, "ನನ್ನ ಪಾಲಿನ ಚಳಿಯನ್ನೆಲ್ಲ ನಾನು ಅನುಭವಿಸಿ ಮುಗಿಸಿದ್ದೇನೆ, ಕ್ಷಮಿಸಿ" ಎನ್ನುವರು. ಹಾಲಿಲ್ಲದ ಸುಲೈಮಾನಿ ಚಹಾವನ್ನು ಮಾತ್ರ ಅಷ್ಟು ಸೆಕೆಯಲ್ಲೂ ಹಬೆಯಾಡುತ್ತಿರುವಂತೆಯೇ ಕುಡಿಯುತ್ತಿದ್ದರು.

ಅವರ ಊರಿನ ಶಾಲೆಯ ಕತೆ ನನಗೆ ಮೊದಲು ಗೊತ್ತಾದದ್ದು ಮರಳು ಬಿರುಗಾಳಿ ಎದ್ದ ಒಂದು ಮಧ್ಯಾಹ್ನ. ಕಿಟಕಿಯ ಹೊರಗೆ ಎಲ್ಲ ಹಳದಿ, ಬಸ್ಸುಗಳನ್ನು ತಡೆಹಿಡಿದಿದ್ದರು. ಇಡೀ ಪ್ರೈಮರಿಯ ಮಕ್ಕಳು ಹಾಲ್‌ನಲ್ಲಿ ಕೂತು ಗಲಾಟೆ ಎಬ್ಬಿಸಿದ್ದರು, ಸಣ್ಣವರು ಅಳುತ್ತಿದ್ದರು. ಅವರು ಬಂದು ನೆಲದ ಮೇಲೇ ಕೂತು ಕತೆ ಶುರುಮಾಡಿದರು.

ಹಿಂದೆ ಆ ಬಯಲಿಗೆ ಗೋಧಿ ಬೆಳೆಯಲೆಂದು ದೂರದೂರದ ದೇಶಗಳಿಂದ ಜನ ಬಂದರಂತೆ. ಉಕ್ರೇನಿನವರು, ನಾರ್ವೆಯವರು, ಜರ್ಮನಿಯವರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಚರ್ಚು ಕಟ್ಟೋಣವೆಂದರೆ ಒಬ್ಬೊಬ್ಬರದು ಒಂದೊಂದು ಪಂಗಡ. ಹಾಗಾಗಿ ಅವರೆಲ್ಲ ಸೇರಿ ಕಟ್ಟಿದ ಮೊದಲ ಕಟ್ಟಡವೇ ಶಾಲೆ. ಹೆಡ್‌ಮಾಸ್ತರರ ಅಜ್ಜ ತನ್ನ ಹೊಲದ ಒಂದು ಮೂಲೆ ಬಿಟ್ಟುಕೊಟ್ಟ. ಹಲಗೆಗಳು ರೈಲಿನಲ್ಲಿ ಬಂದವು. ಬಿತ್ತನೆ ಮುಗಿದು ಕೊಯ್ಲು ಬರುವುದರೊಳಗೆ ಒಂದೇ ಕೋಣೆಯ ಶಾಲೆ ಎದ್ದು ನಿಂತಿತು. ನಡುವೆ ಕಲ್ಲಿದ್ದಲಿನ ಒಲೆ. ಅದರ ಪಕ್ಕ ಕೂತವರಿಗೆ ಬೇಗೆ, ಗೋಡೆಯ ಬದಿಯವರಿಗೆ ನಡುಕ. ಶಾಲೆಯ ಹಿಂದೆ ಕುದುರೆ ಲಾಯ, ಯಾಕೆಂದರೆ ಮಕ್ಕಳು ಬರುತ್ತಿದ್ದದ್ದು ಕುದುರೆ ಎಳೆಯುವ ಜಾರುಗಾಡಿಯಲ್ಲಿ. ಹಿಮಗಾಳಿ ಬೀಸಿದರೆ ಚಾಚಿದ ಕೈ ಕಾಣದು. ಅದಕ್ಕೆ ಶಾಲೆಯ ಬಾಗಿಲಿನಿಂದ ಲಾಯದವರೆಗೆ ಹಗ್ಗ ಕಟ್ಟಿದ್ದರು. ಕುದುರೆಗೆ ಹುಲ್ಲು ಹಾಕಲು ಹೋಗುವ ಮಗು ಆ ಹಗ್ಗ ಹಿಡಿದುಕೊಂಡೇ ಹೋಗಿ ಬರಬೇಕು.

"ಹಗ್ಗ ಬಿಟ್ಟರೆ?" ಎಂದು ಒಬ್ಬ ಹುಡುಗ ಕೇಳಿದ.

"ಯಾರೂ ಬಿಡಲಿಲ್ಲ" ಎಂದರು ಅವರು.

ಬಸ್ಸು ಬಂದಾಗ ಮಕ್ಕಳಿಗೆ ಏಳಲು ಮನಸ್ಸಿರಲಿಲ್ಲ. ಆಮೇಲೆ ನಾನೂ ಬಿಡುವಾದಾಗಲೆಲ್ಲ ಕೇಳಿದೆ, ಅವರೂ ಹೇಳಿದರು. ಪಟ್ಟಣದಿಂದ ಬರುತ್ತಿದ್ದ ಟೀಚರ್ ಹುಡುಗಿಯರು ಊರವರ ಮನೆಗಳಲ್ಲೇ ಉಳಿಯಬೇಕಿತ್ತು. ಹೆಚ್ಚಿನವರು ಒಂದು ಚಳಿಗಾಲ ಕಳೆದು ಓಡಿಹೋಗುತ್ತಿದ್ದರು. ಅಜ್ಜನ ಮನೆಯಲ್ಲಿ ಉಳಿದ ಒಬ್ಬಳು ಮಾತ್ರ ಆ ಮನೆಯ ಮಗನನ್ನೇ ಮದುವೆಯಾಗಿ ನಿಂತಳು. ಅವಳೇ ಇವರ ತಾಯಿ. ಒಲೆಗೆ ಬೆಂಕಿ ಹಾಕುವುದು, ನೀರು ತರುವುದು, ನೆಲ ಗುಡಿಸುವುದು ಮನೆಗೊಂದು ಸರದಿ. ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಊರಿನ ಹಾಸಿಗೆ ಬಟ್ಟೆಗಳೆಲ್ಲ ಬಂದು ಪರದೆಯಾಗುತ್ತಿದ್ದವು. ಮುಂದೆ ಶಾಲೆಗೆ ಇನ್ನಷ್ಟು ಕೋಣೆಗಳು ಬಂದವು, ಹಳದಿ ಬಸ್ಸು ಬಂತು, ನೆಲ ಗುಡಿಸಲು ಸಂಬಳದ ಆಳು ಬಂದ. ಹೊಲಗಳು ದೊಡ್ಡದಾಗುತ್ತ ಮನೆಗಳು ಕಡಿಮೆಯಾದವು.

ಒಂದು ಫೆಬ್ರವರಿಯಲ್ಲಿ ಅವರು ರಜೆ ಹಾಕಿ ಊರಿಗೆ ಹೋದರು. ಶಾಲೆ ಮುಚ್ಚುವ ಮಾತು ಬಂದಿತ್ತು; ಅದಕ್ಕಾಗಿ ಕರೆದ ಊರ ಸಭೆಯಲ್ಲಿ ಮಾತಾಡಬೇಕಿತ್ತು. ವಾಪಸು ಬಂದ ದಿನ ನಾನು ಕೇಳುವ ಮೊದಲೇ, "ಖಲಾಸ್" ಎಂದರು. ಅರಬ್ಬಿಯಲ್ಲಿ ಅವರು ಚೆನ್ನಾಗಿ ಕಲಿತಿದ್ದದ್ದು ಅದೊಂದೇ ಮಾತು.

"ಸಭೆಗೆ ಯಾರೂ ಬರಲಿಲ್ಲವಾ ಸರ್?"

"ಎಲ್ಲರೂ ಬಂದಿದ್ದರು. ಅತ್ತರು ಕೂಡ. ನೀವೆಲ್ಲ ಈ ಶಾಲೆಯ ಒಳಗೆ ಕಾಲಿಟ್ಟು ಎಷ್ಟು ವರ್ಷವಾಯಿತು ಅಂತ ಕೇಳಿದೆ. ಬೆರಳು ಮಡಚಿ ಎಣಿಸತೊಡಗಿದರು. ಆಮೇಲೆ ನಾನೇ ಲೆಕ್ಕ ಹಾಕಿದೆ ಟೀಚರ್. ನಾನೂ ಹೋಗಿರಲಿಲ್ಲ."

ಅದೇ ಸಮಯಕ್ಕೆ ನಮ್ಮದೂ ಒಂದು ಶಾಲೆ ಮುಚ್ಚುವ ಹಂತಕ್ಕೆ ಬಂದಿತ್ತು. ಶಾಲೆ ಎಂದರೆ ದೊಡ್ಡ ಮಾತು. ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನಮ್ಮ ಉಡುಪಿಯವರೊಬ್ಬರ ಹೋಟೆಲಿನ ಮಹಡಿಯಲ್ಲಿ, ಅಲ್ಲಿನ ವಾರದ ರಜೆಯಾದ ಶುಕ್ರವಾರ ಬೆಳಗ್ಗೆ ಊಟದ ಗಿರಾಕಿಗಳು ಬರುವ ಮುಂಚೆ, ನಾನು ನಡೆಸುತ್ತಿದ್ದ ಕನ್ನಡ ಕ್ಲಾಸು. ನಮ್ಮ ಮನೆಮಾತು ತುಳುವಾದರೂ ನಾನು ಕನ್ನಡ ಮೀಡಿಯಂನಲ್ಲಿ ಓದಿದವಳು. ಶುರುವಿನಲ್ಲಿ ಕುರ್ಚಿ ಸಾಲುತ್ತಿರಲಿಲ್ಲ. ವರ್ಷ ಕಳೆಯುವುದರೊಳಗೆ ಒಂದು ಟೇಬಲ್ಲಿನ ಸುತ್ತ ಕೂರುವಷ್ಟು ಮಕ್ಕಳು ಉಳಿದರು. ಸ್ವಂತ ಮಗಳೇ, "ಅಮ್ಮಾ, ನೋಬಡಿ ಕಮ್ಸ್, ವೈ ಶುಡ್ ಐ?" ಎಂದಳು. ಹೋಟೆಲಿನ ಧಣಿ ಒಳ್ಳೆಯವರು, ಆದರೂ ಒಂದು ದಿನ ಕೇಳಿಯೇಬಿಟ್ಟರು: "ಬೇಜಾರು ಮಾಡಬೇಡಿ ಅಕ್ಕ. ಮಕ್ಕಳೇ ಇಲ್ಲ ಅಂತಾದ್ರೆ ಎಂತಕ್ಕೆ ಎಸಿ ಹಾಕೂದು?"

ಇದನ್ನು ಹೆಡ್‌ಮಾಸ್ತರರಿಗೆ ಹೇಳಿದಾಗ, ಮುಂದಿನ ಶುಕ್ರವಾರ ಬರುತ್ತೇನೆ ಎಂದರು. ಬಂದರು. ಹಿಂದಿನ ಟೇಬಲ್ಲಿನಲ್ಲಿ ಕೂತು, ಒಂದಕ್ಷರ ತಿಳಿಯದಿದ್ದರೂ ಪೂರ್ತಿ ಕೇಳಿದರು. ಮುಗಿದ ಮೇಲೆ ಧಣಿ ಕಳಿಸಿದ ಮಸಾಲೆ ದೋಸೆ ತಿನ್ನುತ್ತ ಕೇಳಿದರು: "ಮಕ್ಕಳನ್ನು ಕೆಳಗೆ ಇಳಿಸಿದ ಮೇಲೆ ಅಪ್ಪ ಅಮ್ಮಂದಿರು ಎಲ್ಲಿಗೆ ಹೋಗುತ್ತಾರೆ?"

"ಮೀನು ಮಾರ್ಕೆಟ್ಟಿಗೆ, ಮಾಲ್‌ಗೆ. ಕೆಲವರು ಕಾರಿನಲ್ಲೇ ಮಲಗುತ್ತಾರೆ."

"ಅವರನ್ನು ಮೇಲೆ ಕರೆಯಿರಿ. ಕೆಲಸ ಕೊಡಿ. ಕೆಲಸ ಇಲ್ಲದಿದ್ದರೆ ನೆಲ ಗುಡಿಸಲಿ. ಟೀಚರ್ ಒಬ್ಬರದೇ ಆದ ಶಾಲೆ ಉಳಿಯುವುದಿಲ್ಲ."

ಮುಂದಿನ ವಾರ ನಾನು ಎಲ್ಲರನ್ನೂ ಮೇಲೆ ಕರೆದೆ. ಯಾರಿಗೂ ಇಷ್ಟವಾಗಲಿಲ್ಲ. ಕುಂದಾಪುರ ಕಡೆಯ ಒಬ್ಬರು, ದುಬೈಯ ಜುಮೇರಾ ಲೇಕ್ ಟವರ್ಸ್‌ನ ಆಫೀಸಿಗೆ ದಿನಾ ಕಾರಿನಲ್ಲಿ ಹೋಗಿ ಬರುತ್ತಿದ್ದವರು, ಎಲ್ಲರ ಪರವಾಗಿ ಹೇಳಿದರು: "ವಾರ ಇಡೀ ಗಾಡಿ ಓಡ್ಸಿ ಸಾಕಾಯ್ತ್ ಮಾರಾಯ್ರೆ. ಶುಕ್ರವಾರ ಒಂದ್ ದಿನ ಮಲ್ಕಂಬುಕೆ ಬಿಡಿ."

"ಇಲ್ಲಿಯೇ ಮಲಗಿ" ಎಂದೆ. "ಆದರೆ ಮಲಗುವ ಮುಂಚೆ ನಿಮ್ಮ ಊರಿನ ದೋಣಿಯ ಕತೆಯೊಂದು ಹೇಳಿ."

ಅವರು ಮೀನುಗಾರರ ಮನೆಯವರು. ಗೊಣಗುತ್ತಲೇ ಎದ್ದು ನಿಂತರು. ಆಮೇಲೆ, ಚಿಕ್ಕಂದಿನಲ್ಲಿ ಅಪ್ಪನಿಗೆ ತಿಳಿಯದಂತೆ ದೋಣಿಯಲ್ಲಿ ಅಡಗಿ ಕೂತು, ನಡುಗಡಲಿನಲ್ಲಿ ಸಿಕ್ಕಿಬಿದ್ದದ್ದನ್ನು ಹೇಳಿದರು. ಅಪ್ಪ ಬೈದದ್ದನ್ನು ಬೈದ ಹಾಗೆಯೇ ಕುಂದಾಪುರ ಕನ್ನಡದಲ್ಲಿ ಹೇಳಿದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ಅವರ ಕಿರಿಯ ಮಗಳು ಅಪ್ಪನನ್ನು ಹೊಸಬರನ್ನು ನೋಡುವಂತೆ ನೋಡುತ್ತಿದ್ದಳು. ಮರುವಾರ ಅವರು ಯಾರೂ ಹೇಳದೆಯೇ ಮೇಲೆ ಬಂದರು. ನಿಧಾನವಾಗಿ ಉಳಿದವರೂ ಬಂದರು. ಕುರ್ಚಿ ಜೋಡಿಸುವುದು, ಹಲಗೆ ಒರೆಸುವುದು, ಚಹಾ ತರುವುದು ಸರದಿಯಾಯಿತು. ಒಂದಿಬ್ಬರು ಸಿಟ್ಟಾಗಿ ಮಕ್ಕಳನ್ನು ಬಿಡಿಸಿದರು, ಅದೂ ನಿಜ. ಆದರೆ ಕ್ಲಾಸು ಉಳಿಯಿತು.

ಹೆಡ್‌ಮಾಸ್ತರರು ಕ್ಲಾಸಿಗೆ ಬಂದ ಆ ಶುಕ್ರವಾರ, ನನ್ನನ್ನು ಮನೆಯ ಬಳಿ ಇಳಿಸುವಾಗ, ಹೇಳಿದ ಇನ್ನೊಂದು ಮಾತಿದೆ. ತಾವು ಅಷ್ಟೊಂದು ಹೊಗಳುವ ಆ ಶಾಲೆಯಲ್ಲಿ ಒಂದು ನಿಯಮವಿತ್ತಂತೆ: ಬೇಲಿಯ ಒಳಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಿದರೆ ಶಿಕ್ಷೆ. ಟೀಚರಾಗಿದ್ದ ತಾಯಿ ಅದನ್ನು ಮನೆಗೂ ತಂದರು. ಮಕ್ಕಳ ಒಳ್ಳೆಯದಕ್ಕೇ ತಂದದ್ದು. ಉಕ್ರೇನಿನಿಂದ ಬಂದ ಅಜ್ಜಿ ಮೊಮ್ಮಕ್ಕಳ ಜೊತೆ ಹರಕುಮುರುಕು ಇಂಗ್ಲಿಷಿನಲ್ಲೇ ದಿನ ಕಳೆದಳು. ಕೊನೆಯ ಕಾಲದಲ್ಲಿ ಆ ಇಂಗ್ಲಿಷೂ ಮರೆತುಹೋಯಿತು.

"ಹಾಸಿಗೆಯ ಹತ್ತಿರ ಕೂರಿಸಿಕೊಂಡು ನನಗೆ ಏನೇನೋ ಹೇಳಿದಳು. ಬಹಳ ಹೊತ್ತು ಹೇಳಿದಳು. ನಾನು ಹೂಂ, ಹೂಂ ಎಂದು ತಲೆಯಾಡಿಸಿದೆ. ನನಗೆ ಒಂದು ಮಾತೂ ತಿಳಿಯಲಿಲ್ಲ." ಕಾರಿನ ಎಂಜಿನ್ ಬಂದ್ ಮಾಡಿದರು. "ಆ ಶಾಲೆ ನನಗೆ ಎಲ್ಲವನ್ನೂ ಕೊಟ್ಟಿದೆ. ಇದೊಂದನ್ನು ತೆಗೆದುಕೊಂಡಿದೆ. ಎರಡೂ ಒಟ್ಟಿಗೇ ನೆನಪಾಗುತ್ತವೆ."

ನನ್ನನ್ನು ಟೀಚರ್ ಟ್ರೈನಿಂಗಿಗೆ ಒತ್ತಾಯ ಮಾಡಿ ಸೇರಿಸಿದವರೂ ಅವರೇ. ಅದು ಮುಗಿದು ನನಗೆ ಸ್ವಂತ ಕ್ಲಾಸು ಸಿಕ್ಕಿದ ವರ್ಷ ಅವರಿಗೆ ಅಲ್ಲಿ ಕೆಲಸದ ವೀಸಾ ಸಿಗುವ ವಯಸ್ಸು ದಾಟಿತು. ಬೀಳ್ಕೊಡುಗೆಯ ಭಾಷಣ ಬೇಡವೆಂದು, ಕೊನೆಯ ದಿನವೂ ಗೇಟಿನಲ್ಲಿ ನಿಂತು ಮಕ್ಕಳನ್ನು ಬರಮಾಡಿಕೊಂಡು ಹೊರಟುಹೋದರು. ಊರಿಗೆ ಹೋದ ಮೇಲೆ ಆಗೀಗ ಫೋನ್ ಮಾಡುತ್ತಿದ್ದರು. ಮುಚ್ಚಿದ ಶಾಲೆಯನ್ನು ಯಾರೋ ಕೊಂಡು ಗೋಧಿ ತುಂಬುವ ಗೋದಾಮು ಮಾಡಿದ್ದರಂತೆ. "ಅಜ್ಜನಿಗೆ ಬೇಸರವಾಗುತ್ತಿರಲಿಲ್ಲ, ಅವನಿಗೆ ಗೋಧಿಯೂ ಬೇಕಾಗಿತ್ತು" ಎಂದು ನಕ್ಕರು.

ಎರಡು ವರ್ಷ ಕಳೆದು ಒಂದು ಜನವರಿಯಲ್ಲಿ ಅವರ ತಂಗಿಯ ಫೋನ್ ಬಂತು. ಹೃದಯ ನಿಂತುಹೋಗಿತ್ತು, ನರಳಲಿಲ್ಲ ಎಂದರು. ನೆಲ ಕಲ್ಲಿನಂತೆ ಹೆಪ್ಪುಗಟ್ಟಿರುವುದರಿಂದ ಈಗ ಮಣ್ಣು ಮಾಡಲಾಗುವುದಿಲ್ಲ, ಮೇ ತಿಂಗಳವರೆಗೆ ಕಾಯಬೇಕು ಎಂದರು.

ಆ ಶುಕ್ರವಾರ ಕನ್ನಡ ಕ್ಲಾಸಿನಲ್ಲಿ ಮಕ್ಕಳಿಗೆ ವಿಷಯ ಹೇಳಿದೆ. ಕುಂದಾಪುರದವರ ಕಿರಿಯ ಮಗಳು ಕೇಳಿದಳು: "ಅವರಿಗೆ ಕನ್ನಡ ಬರ್ತಿತ್ತಾ ಟೀಚರ್?"

"ಇಲ್ಲ."

"ಮತ್ತೆ ನಮ್ಮ ಕ್ಲಾಸಿಗೆ ಎಂತಕ್ಕೆ ಬಂದದ್ದು?"

ಅಜ್ಜಿಯ ಸಂಗತಿ ಹೇಳಿದೆ. ಅವಳು ಯೋಚಿಸಿ, "ಅಜ್ಜಿ ಎಂತ ಹೇಳಿದ್ರು ಅಂತ ಈಗ ಯಾರಿಗೂ ಗೊತ್ತಿಲ್ವಾ?" ಎಂದಳು. ಯಾರಿಗೂ ಗೊತ್ತಿಲ್ಲ ಎಂದೆ. ಆಮೇಲೆ ಪಾಠ ಮುಂದುವರಿಸಿದೆವು.

ಮರುವಾರ ಅವಳ ಅಪ್ಪ ಕುರ್ಚಿ ಜೋಡಿಸುತ್ತ ದೂರಿದರು: "ಎಂತ ಹೇಳಿದ್ರಿ ಮಾರಾಯ್ರೆ ಇವ್ಳಿಗೆ? ದಿನಾ ಊರಿಗೆ ಅಜ್ಜಿಗೆ ಫೋನ್ ಮಾಡ್ ಅಂತ್ಳ್. ನನ್ನ ಹೆತ್ತಬ್ಬಿ ಹತ್ರ ಇವ್ಳೇ ಮಾತಾಡುದ್, ನಂಗ್ ಫೋನೇ ಕೊಡ್ತಿಲ್ಲೆ."

ಇದನ್ನು ಹೆಡ್‌ಮಾಸ್ತರರಿಗೆ ಹೇಳಬೇಕಿತ್ತು. ಅವರ ತಂಗಿಗೆ ಫೋನ್ ಮಾಡಿ ಹೇಳಿದೆ. ಅವರು ಮಗುವಿನ ಊರು, ಅಜ್ಜಿ, ಭಾಷೆಯ ಹೆಸರು ಎಲ್ಲವನ್ನೂ ಎರಡೆರಡು ಸಲ ಕೇಳಿ ತಿಳಿದುಕೊಂಡರು. ಮೇ ತಿಂಗಳಲ್ಲಿ ಅಣ್ಣನನ್ನು ಅಜ್ಜಿಯ ಪಕ್ಕದಲ್ಲಿ ಮಣ್ಣು ಮಾಡುತ್ತೇವೆ, ಆಗ ಅಲ್ಲಿ ಇದನ್ನೇ ಹೇಳುತ್ತೇನೆ ಎಂದರು.